ಘಂಟೆ ಮೊದಲು, ಸ್ವರಲಿಪಿ ಆಮೇಲೆ

ಪಶ್ಚಿಮ ಆಫ್ರಿಕಾ ಮತ್ತು ಯುರೋಪಿನ ಸಂಗೀತಗಳನ್ನು ಒಂದೇ ತರಗತಿಯಲ್ಲಿ ಕಲಿಸುವವರು ಅನೇಕ ವೇಳೆ ಯುರೋಪಿನ ಹಾಡೊಂದಕ್ಕೆ ಜೆಂಬೆ ಎಂಬ ಆಫ್ರಿಕನ್ ಚರ್ಮವಾದ್ಯದ ಸಾಥ್ ಕೊಡಿಸಿ ಅಷ್ಟಕ್ಕೇ ತೃಪ್ತರಾಗುತ್ತಾರೆ. ಅಲ್ಲಿ ಧಾಟಿ, ಲಯ, ಲಿಪಿ ಎಲ್ಲವೂ ಯುರೋಪಿನವೇ ಆಗಿದ್ದು, ಆಫ್ರಿಕಾದ್ದೆಂದು ಉಳಿಯುವುದು ಚರ್ಮದ ನಾದ ಮಾತ್ರ. ಎರಡು ಪದ್ಧತಿಗಳು ಕೂಡುವಾಗ ಯಾವ ಅಂಶದಲ್ಲಿ ಯಾವುದರ ನಿಯಮ ನಡೆಯಬೇಕೆಂಬುದನ್ನು ಶಿಕ್ಷಕರು ಮೊದಲೇ ನಿರ್ಧರಿಸಬೇಕು.

ಘಾನಾದ ಸಂಗೀತ ರಚನಕಾರ ಎಫ್ರೇಮ್ ಅಮು (1899–1995) ಇದನ್ನು ಸ್ಪಷ್ಟವಾಗಿ ಕಂಡಿದ್ದರು. ಅಲ್ಲಿನ ಟ್ವಿ ಭಾಷೆಯಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೂ ಬದಲಾಗುತ್ತದೆ. 'ಪಪ' ಎಂಬುದು ಉಚ್ಚರಿಸಿದ ಬಗೆಗೆ ತಕ್ಕಂತೆ ಒಳಿತು, ತಂದೆ ಅಥವಾ ಬೀಸಣಿಗೆಯಾಗಬಹುದು. ಯುರೋಪಿನ ಕೀರ್ತನೆಯ ಧಾಟಿಗೆ ಟ್ವಿ ಪದಗಳನ್ನು ಕೂರಿಸಿದಾಗ, ಮಾತು ಇಳಿಯಬೇಕಾದಲ್ಲಿ ಧಾಟಿ ಏರಿ ಅರ್ಥ ಕೆಡುತ್ತಿತ್ತು. ಅಮು ಮಾತಿನ ಏರಿಳಿತಕ್ಕೆ ಒಪ್ಪುವ ಧಾಟಿ ಕಟ್ಟಿ, ಅದಕ್ಕೆ ಯುರೋಪಿನ ಬಹುಕಂಠ ಗಾಯನದ ರೀತಿಯನ್ನು ಹೊಂದಿಸಿದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತ ನಂತರವೂ ಅವರು ಈ ದಾರಿ ಬಿಡಲಿಲ್ಲ.

ಲಯದ ವಿಷಯದಲ್ಲಿ ನಾನು ಘಾನಾ, ಟೋಗೊ ಭಾಗದ ಎವೆ ಜನರ ಗಂಕೋಗಿ ಎಂಬ ಜೋಡಿ ಘಂಟೆಯಿಂದ ಪಾಠ ಆರಂಭಿಸುತ್ತೇನೆ. ಹನ್ನೆರಡು ಮಾತ್ರೆಗಳ ಆವರ್ತನದಲ್ಲಿ ಅದರ ಏಳು ಪೆಟ್ಟುಗಳು 2-2-1-2-2-2-1 ಎಂಬ ಅಂತರದಲ್ಲಿ ಬೀಳುತ್ತವೆ. ಆದರೆ ಹೆಜ್ಜೆ ಮೂರು ಮಾತ್ರೆಗೊಮ್ಮೆ, ಒಟ್ಟು ನಾಲ್ಕು ಸಲ ನೆಲಕ್ಕೆ ಬೀಳಬೇಕು. ಕಷ್ಟವಿರುವುದು ಇಲ್ಲಿಯೇ: ಮೊದಲನೆಯ ಮತ್ತು ನಾಲ್ಕನೆಯ ಹೆಜ್ಜೆಗೆ ಘಂಟೆಯ ಪೆಟ್ಟು ಸಿಗುತ್ತದೆ, ನಡುವಿನ ಎರಡಕ್ಕೆ ಸಿಗುವುದಿಲ್ಲ. ಆವರ್ತನದ ಎಣಿಕೆ ಬಲ್ಲ ನಮ್ಮವರೂ ಇಲ್ಲಿ ಎಡವುತ್ತಾರೆ. ಆಗ ನೆರವಾಗುವುದು ಅಹಾತ್ಸೆ ಎಂಬ, ಸೋರೆಬುರುಡೆಗೆ ಮಣಿಬಲೆ ಹೊದಿಸಿದ ವಾದ್ಯ. ಅದನ್ನು ತೊಡೆಗೆ ಬಡಿದ ಪೆಟ್ಟು ಘಂಟೆಯೊಡನೆ ಬೀಳುತ್ತದೆ. ಅಂಗೈಗೆ ಬಡಿದ ಪೆಟ್ಟು ನಡುವಣ ಖಾಲಿ ಜಾಗ ತುಂಬುತ್ತ ಆ ಎರಡು ಹೆಜ್ಜೆಗಳಿಗೆ ಆಸರೆಯಾಗುತ್ತದೆ.

ಹೆಜ್ಜೆ ಮತ್ತು ಘಂಟೆ ಎರಡೂ ಒಬ್ಬರಲ್ಲೇ ನಿಂತ ಮೇಲೆ ಯುರೋಪಿನ ಸ್ವರಲಿಪಿಯನ್ನು ಕೊಡಬಹುದು. ಮೊದಲೇ ಕೊಟ್ಟರೆ, ಲಿಪಿಯಲ್ಲಿ ಆವರ್ತನಗಳನ್ನು ಬೇರ್ಪಡಿಸುವ ಲಂಬ ಗೆರೆಯ ನಂತರದ ಪೆಟ್ಟನ್ನು ಒತ್ತಿ ಬಾರಿಸಿ, ಅಲ್ಲಿಂದಲೇ ಎಲ್ಲ ಶುರುವಾಗುತ್ತದೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ; ಎವೆ ವಾದಕರಿಗಾದರೋ ಅದು ಅನೇಕ ಸಲ ಬಂದು ತಲುಪುವ ಜಾಗ. ಹಾಗಾಗಿ ಪರೀಕ್ಷೆಯಲ್ಲಿ ನಾನು ಲಿಪಿ ಓದಿಸುವುದಕ್ಕಿಂತ, ಪಕ್ಕದವರ ಕಿಡಿ ಎಂಬ ಎವೆ ಮದ್ದಳೆ ಬೇರೆ ನಡೆ ಹಿಡಿದಾಗಲೂ ವಿದ್ಯಾರ್ಥಿಯ ಘಂಟೆ ಕದಲದೆ ನಿಲ್ಲುವುದೇ ಎಂಬುದಕ್ಕೆ ಹೆಚ್ಚು ಅಂಕ ಇಡುತ್ತೇನೆ.