ಕೃಷ್ಣಮೂರ್ತಿ 30ರಲ್ಲಿ ಹಿಡಿಯಲ್ಲ

ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒರಾಕಲ್ ಅನ್ನೋ ಡೇಟಾಬೇಸ್‌ನಲ್ಲಿ (ಮಾಹಿತಿ ಜೋಡಿಸಿಡೋ ಸಾಫ್ಟ್‌ವೇರ್) ಒಂದು ಟೇಬಲ್ ಮಾಡಿದ್ದೆ, ಹೆಸರಿನ ಕಾಲಂಗೆ ಕೊಟ್ಟ ಟೈಪ್ ವಾರ್‌ಕ್ಯಾರ್2(30), ಅಂದ್ರೆ ಅಕ್ಷರ ತುಂಬೋ ಕಾಲಂ, ಹೆಚ್ಚಂದ್ರೆ 30ರಷ್ಟು ಜಾಗ. ಇಂಗ್ಲಿಷ್ ಹೆಸರೆಲ್ಲ ಆರಾಮಾಗಿ ಹೋಗ್ತಿದ್ವು, ಆಮೇಲೆ ಕನ್ನಡದಲ್ಲೇ ಹೆಸರು ತುಂಬಿಸೋಣ ಅಂತಾಯ್ತು ನೋಡಿ, ಕೃಷ್ಣಮೂರ್ತಿ ಅನ್ನೋ ಹೆಸರಿಗೇ ಎರರ್ ಬಂತು, ಜಾಗ ಸಾಲ್ತಿಲ್ಲ ಅಂತ!

ಕಣ್ಣಿಗೆ ಕಾಣೋದು ನಾಲ್ಕೇ ಅಕ್ಷರ. ಆದ್ರೆ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಪದ್ಧತಿ) ಕ ಬೇರೆ, ಅದರ ವಟ್ರಸುಳಿ ಬೇರೆ, ಷ ಬೇರೆ, ಒತ್ತು ಬರೋಕೆ ಮಧ್ಯದಲ್ಲಿ ಒಂದು ಹಲಂತ, ಹಿಂಗೆ ಎಣಿಸ್ತಾ ಹೋದ್ರೆ ಒಟ್ಟು 11 ಆಗುತ್ತೆ, ಅದನ್ನ ಕಂಪ್ಯೂಟರಲ್ಲಿ ಇಡೋ ಯುಟಿಎಫ್-8 ಅನ್ನೋ ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್ ಜಾಗ, ಅಂದ್ರೆ 33. ಒರಾಕಲ್ ನಾವೇನೂ ಹೇಳದಿದ್ರೆ ಬೈಟ್ ಲೆಕ್ಕ ಹಿಡಿಯುತ್ತೆ, ಅದಕ್ಕೇ 30 ಸಾಲಲಿಲ್ಲ. 30 ಕ್ಯಾರ್ (ಬೈಟ್ ಅಲ್ಲ, ಮೇಲೆ ಎಣಿಸಿದಂಥ 30 ಕ್ಯಾರೆಕ್ಟರ್) ಅಂತ ಬರೆದ್ರೆ ಸರಿಹೋಗುತ್ತೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಅನ್ನೋ ಬೇರೆ ಡೇಟಾಬೇಸ್ ಎರಡೂ ಕ್ಯಾರೆಕ್ಟರ್ ಲೆಕ್ಕ ಹಾಕೋದ್ರಿಂದ ಅಲ್ಲಿ ಈ ತೊಂದ್ರೆ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಅನ್ನೋ ಇನ್ನೊಂದು ಡೇಟಾಬೇಸ್ ಕಥೆ ಇನ್ನೂ ಕಷ್ಟ, ಯೂನಿಕೋಡ್ ಹಿಡಿಯೋ ಎನ್‌ವಾರ್‌ಕ್ಯಾರ್ ಬದ್ಲು ಮಾಮೂಲಿ ವಾರ್‌ಕ್ಯಾರ್ ಹಾಕಿಬಿಟ್ರೆ ಸಾಮಾನ್ಯವಾಗಿ ಎರರ್ ಕೂಡ ಬರಲ್ಲ, ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತೆ, ಹಾಗೆ ಹೋದ ಹೆಸರು ಅಲ್ಲಿಂದ ವಾಪಸ್ ಸಿಗಲ್ಲ. ಒಬ್ಬರ ಹೆಸರನ್ನೇ ಅಳಿಸಿದ ಹಾಗಲ್ವಾ ಅದು? ನಂಗಂತೂ ಇದು ಸಣ್ಣ ತಪ್ಪು ಅನ್ಸಲ್ಲ.

ಫೋನ್ ನಂಬರಿಗೆ ಇಂಟ್ (ಪೂರ್ಣಾಂಕದ ಟೈಪ್) ಹಾಕೋರು ಈಗ್ಲೂ ಇದಾರೆ. ಇಂಟ್ ಹಿಡಿಯೋದೇ 2147483647ರ ತನಕ, ನಮ್ಮ ಮೊಬೈಲ್ ನಂಬರ್ ಶುರುವಾಗೋದು 6ರಿಂದ 9ರಲ್ಲಿ, ಒಂದೂ ಹಿಡಿಯಲ್ಲ. ಅದಕ್ಕಿಂತ ದೊಡ್ಡ ಬಿಗ್‌ಇಂಟ್ ಹಾಕಿದ್ರೆ ಹಿಡಿಯುತ್ತೆ ನಿಜ, ಆದ್ರೆ ಬೆಂಗಳೂರಿನ 080ಯ ಮೊದಲ ಸೊನ್ನೆ ಹಾರಿಹೋಗುತ್ತೆ. ಫೋನ್ ನಂಬರನ್ನ ಯಾರಾದ್ರೂ ಕೂಡ್ತಾರಾ, ಕಳೀತಾರಾ? ಕೂಡಿ ಕಳೆಯೋ ಕೆಲಸ ಇಲ್ಲ ಅಂದ್ಮೇಲೆ ವಾರ್‌ಕ್ಯಾರೇ ಸರಿ.

ದುಡ್ಡಿಗೆ ಮಾತ್ರ ದಯವಿಟ್ಟು ಫ್ಲೋಟ್ (ದಶಮಾಂಶ ಸಂಖ್ಯೆಯನ್ನ ಅಂದಾಜಲ್ಲಿ ಇಡೋ ಟೈಪ್) ಬೇಡ. 12,34,567 ರೂಪಾಯಿ 89 ಪೈಸೆಯನ್ನ 4 ಬೈಟಿನ ಫ್ಲೋಟ್‌ಗೆ ಹಾಕಿ ನೋಡಿ, ಒಳಗೆ ಕೂರೋದು 87.5 ಪೈಸೆ. ಇಂಥ ಸಾವಿರಾರು ಎಂಟ್ರಿ ಕೂಡಿದ್ಮೇಲೆ ಲೆಕ್ಕ ತಾಳೆ ಆಗ್ಲಿಲ್ಲ ಅಂತ ರಾತ್ರಿಯೆಲ್ಲ ಕೂತು ಹುಡುಕೋದು ಪಾಪ ಅಕೌಂಟ್ಸ್‌ನೋರು. ಡೆಸಿಮಲ್(12,2) ಹಾಕಿ, ಅಂದ್ರೆ ಒಟ್ಟು 12 ಅಂಕಿ, ಅದ್ರಲ್ಲಿ 2 ಪೈಸೆಗೆ, ಮುಗೀತು.

ತಾರೀಕಿಗೆ ಡೇಟ್ ಟೈಪೇ ಇದೆ, ಅದನ್ನೇ ಬಳಸಿ. ವಾರ್‌ಕ್ಯಾರಲ್ಲಿ 02/01/2024 ಅಂತ ಇಟ್ರೆ ಸಾರ್ಟ್ ಮಾಡ್ದಾಗ ಅದು 15/12/2023ಕ್ಕಿಂತ ಮುಂಚೆ ಬಂದು ಕೂರುತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ತಾರೀಕು, ಸಮಯ ಎರಡನ್ನೂ ಇಡೋ ಟೈಮ್‌ಸ್ಟ್ಯಾಂಪ್ ಟೈಪ್ ಬೇರೆ 2038ರ ಜನವರಿ 19ಕ್ಕೆ ನಿಂತುಹೋಗುತ್ತೆ, ಇವತ್ತು 20 ವರ್ಷದ ಹೋಮ್ ಲೋನ್ ಕೊಟ್ರೆ ಅದರ ಕೊನೇ ಕಂತಿನ ತಾರೀಕು ಆ ಕಾಲಂಗೆ ಹೋಗೋದೇ ಇಲ್ಲ.