ಡುರಿಯನ್: ಮಾಲ್ಪುರಿ ಬಾಯಿಗೆ ಯಾವುದು, ಮೆಂತ್ಯೆ ಬಾಯಿಗೆ ಯಾವುದು?

ಜುಲೈಗೆ ಮಲೇಷ್ಯಾಕ್ಕೆ ಹೊರಟಿರುವ ನಮ್ಮ ಕಲಬುರಗಿ ಗುಂಪಿಗೆ ಈ ಟಿಪ್ಪಣಿ. ಆಗ ಅಲ್ಲಿ ಡುರಿಯನ್ ಸುಗ್ಗಿ, ಹಲಸಿನಂಥ ತೊಳೆ ಇರುವ ಹಣ್ಣು ಅದು. ಮುಳ್ಳು, ವಾಸನೆ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ಅಂಗಡಿ ಮುಂದೆ ನಿಂತಾಗ ಯಾವ ತಳಿ ಕೇಳಬೇಕು ಅನ್ನೋದಷ್ಟೇ ಇಲ್ಲಿದೆ.

ನಂಬರ್

ಅಂಗಡಿಯಲ್ಲಿ ತಳಿಗಳನ್ನು ನಂಬರಿನಿಂದಲೂ ಕರೆಯುತ್ತಾರೆ: ಡಿ24, ಡಿ101, ಡಿ197, ಡಿ200. ದೊಡ್ಡ ನಂಬರ್ ಅಂದ್ರೆ ಒಳ್ಳೆ ಹಣ್ಣು ಅಂತಲ್ಲ. ಮಲೇಷ್ಯಾದ ಕೃಷಿ ಇಲಾಖೆ ತಳಿಗಳನ್ನು ನೋಂದಾಯಿಸಿದ ಸರದಿ ಅದು. ಡಿ24 ಬಂದದ್ದು 1937ರಲ್ಲಿ, ಡಿ197 ಅಂದರೆ ಮುಸಾಂಗ್ ಕಿಂಗ್ 1993ರಲ್ಲಿ, ಡಿ200 ಅಂದರೆ ಬ್ಲ್ಯಾಕ್ ಥಾರ್ನ್ 2015ರಲ್ಲಿ.

ರುಚಿ

ತಳಿ ಆರಿಸೋಕೆ ನನ್ನ ಸುಲಭದ ಲೆಕ್ಕ ಇದು. ಮಾಲ್ಪುರಿ ಎರಡು ತಿಂದು ಮೂರನೆಯದಕ್ಕೆ ಕೈ ಹಾಕುವವರು ಡಿ101 ಅಥವಾ ಥಾಯ್ಲೆಂಡಿನ ಮೊಂಥಾಂಗ್ ಕೇಳಿ. ಎರಡೂ ಸಿಹಿ. ಮೊಂಥಾಂಗ್‌ನ ತೊಳೆ ದಪ್ಪ, ಬೀಜ ಸಣ್ಣದು, ವಾಸನೆಯೂ ಕಡಿಮೆ. ರೊಟ್ಟಿ ಜೊತೆ ಹಸಿ ಮೆಂತ್ಯೆ ಸೊಪ್ಪು ಕಡಿಯುವವರು ಸೀದಾ ಮುಸಾಂಗ್ ಕಿಂಗ್‌ಗೆ ಹೋಗಿ. ತೊಳೆ ಅರಿಶಿನ ಬಣ್ಣ, ಬೆಣ್ಣೆಯಂಥ ನುಣುಪು, ಸಿಹಿಯ ಹಿಂದೆಯೇ ಕಹಿ. ಇಡೀ ಹಣ್ಣಿನ ತಳ ನೋಡಿ, ಮುಳ್ಳುಗಳ ನಡುವೆ ನಕ್ಷತ್ರದಂಥ ಗೆರೆ ಕಾಣುತ್ತದೆ. ಜೇಬು ನೋಡಿಕೊಳ್ಳುವವರಿಗೆ ಡಿ24 ಸಾಕು. ಅದರಲ್ಲೂ ಕೊನೆಗೆ ಕಹಿ ಇದೆ, ದರ ಮಾತ್ರ ಸಾಮಾನ್ಯವಾಗಿ ಕಡಿಮೆ.

ಉದುರಿದ್ದಾ, ಕೊಯ್ದದ್ದಾ?

ಜಾಸ್ತಿ ತಲೆ ತಿಂದದ್ದು ಇದು. "ಥಾಯ್ ಹಣ್ಣು ಸಪ್ಪೆ, ಮಲೇಷ್ಯಾದ್ದು ಖಡಕ್" ಅಂತಾರಲ್ಲ, ಅದು ತಳಿಯಿಂದ ಮಾತ್ರ ಬಂದ ವ್ಯತ್ಯಾಸವಲ್ಲ. ಮಲೇಷ್ಯಾದಲ್ಲಿ ಹಣ್ಣು ಮರದಲ್ಲೇ ಮಾಗಿ ತಾನಾಗಿ ಉದುರುವವರೆಗೆ ಕಾಯುತ್ತಾರೆ. ಥಾಯ್ಲೆಂಡಿನಲ್ಲಿ ಬಲಿತ ಕಾಯಿಯನ್ನು ಕೊಯ್ದು, ಕೆಲವು ದಿನ ಇಟ್ಟು ಹಣ್ಣು ಮಾಡುತ್ತಾರೆ. ಪೂರ್ತಿ ಮಾಗಿ ಉದುರಿದ್ದರಲ್ಲಿ ವಾಸನೆ ಜೋರು, ತೊಳೆ ಮೆತ್ತಗೆ. ಆದರೆ ಬೇಗ ಹುಳಿಯುತ್ತದೆ, ಒಂದೆರಡು ದಿನದಲ್ಲಿ ತಿಂದು ಮುಗಿಸಬೇಕು. ಕೊಯ್ದದ್ದು ಗಟ್ಟಿ, ದೂರದ ಊರಿಗೆ ಕಳಿಸಲು ಅನುಕೂಲ. ಅಂದರೆ ಮೊಂಥಾಂಗ್ ಗಟ್ಟಿಯಾಗಿದ್ದರೆ ಅದನ್ನು ತಳಿಯ ಗುಣ ಅಂತಲೇ ಬರೆದುಕೊಳ್ಳಬೇಡಿ. ಚೆನ್ನಾಗಿ ಮಾಗಿದ ಮೊಂಥಾಂಗ್ ಕೂಡ ಮೆತ್ತಗಾಗುತ್ತದೆ. ಹಾಗಾಗಿ ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ: ಯಾವ ತಳಿ? ಯಾವಾಗ ಉದುರಿದ್ದು? ನನ್ನ ಲೆಕ್ಕದಲ್ಲಿ ಎರಡನೆಯದೇ ಮುಖ್ಯ. ನಿನ್ನೆ ರಾತ್ರಿ ಉದುರಿದ ಡಿ24, ನಾಲ್ಕು ದಿನ ಕೂತ ಮುಸಾಂಗ್ ಕಿಂಗ್‌ಗಿಂತ ಮೇಲು.

ತಿನ್ನುವಾಗ

ಎರಡು ಮೂರು ತಳಿ ತಗೊಂಡರೆ ಸಿಹಿಯದ್ದು ಮೊದಲು, ಕಹಿಯದ್ದು ಕೊನೆಗೆ. ತಿರುಗಾಮುರುಗಾ ಆದರೆ ಡಿ101 ಸುಮ್ನೆ ಸಪ್ಪೆ ಅನ್ನಿಸುತ್ತದೆ. ಇಡೀ ಹಣ್ಣನ್ನು ಸಿಪ್ಪೆ ಸಮೇತ ತೂಗುತ್ತಾರೆ. ತಿನ್ನಲು ಸಿಗುವುದು ಅದರ ಮೂರನೇ ಒಂದು ಪಾಲು, ಕೆಲವೊಮ್ಮೆ ಅಷ್ಟೂ ಇಲ್ಲ. ದರ ಕೇಳಿದ ಕೂಡಲೇ ಮನಸ್ಸಲ್ಲೇ ಮೂರರಿಂದ ಗುಣಿಸಿಕೊಳ್ಳಿ. ಅಲ್ಲೇ ಒಡೆಸಿ, ಅಲ್ಲೇ ತಿನ್ನಿ. ಹೆಚ್ಚಿನ ಹೋಟೆಲ್‌ಗಳು ಇದನ್ನು ರೂಮಿಗೆ ಬಿಡುವುದಿಲ್ಲ.