ಹಲ್ಲಿನ ಕೀವು ಮೂಗಿನಲ್ಲಿ: ಮೊದಲು ಯಾರ ಹತ್ತಿರ ಹೋಗಬೇಕು?

ಹೊನ್ನಾಳಿ ಕಡೆಯ ನಮ್ಮ ಸೋದರತ್ತೆ ಮೇಲಿನ ದವಡೆ ಹಲ್ಲು ಕೀಳಿಸಿಕೊಂಡು ಬಂದ ನಾಲ್ಕನೇ ದಿನ ಮಜ್ಜಿಗೆ ಕುಡಿದರು. ಅರ್ಧ ಗಂಟಲಿಗೆ ಇಳಿಯಿತು, ಉಳಿದದ್ದು ಎಡ ಮೂಗಿನಿಂದ ಸೋರಿತು. ಸೆರಗಿನಿಂದ ಒರೆಸಿಕೊಳ್ಳುತ್ತಾ, "ಬಾಯಿಗೆ ಹಾಕಿದ್ದು ಮೂಗಿನಾಗ ಬರ್ತೈತಲ್ಲೋ" ಎಂದು ಗಾಬರಿಯಾದರು. ಅದಕ್ಕೂ ಏಳೆಂಟು ತಿಂಗಳು ಮೊದಲಿನಿಂದ ಅದೇ ಎಡ ಮೂಗಿನಲ್ಲಿ ಕೆಟ್ಟ ವಾಸನೆ. ಸ್ಪ್ರೇ, ಮಾತ್ರೆ, ಮತ್ತೆ ಸ್ಪ್ರೇ. ಮೂಗು ನೋಡಿದವರು ಹಲ್ಲು ನೋಡಲಿಲ್ಲ. ಹಲ್ಲು ಕಿತ್ತವರು ಮೂಗಿನ ವಿಷಯ ಕೇಳಲಿಲ್ಲ.

ಕೆನ್ನೆಯ ಮೂಳೆಯೊಳಗೆ ಗಾಳಿ ತುಂಬಿದ ಒಂದು ಕೋಣೆ ಇದೆ. ಅದೇ ಮ್ಯಾಕ್ಸಿಲರಿ ಸೈನಸ್, ಅದರ ಬಾಯಿ ಮೂಗಿನೊಳಗೆ ತೆರೆಯುತ್ತದೆ. ಮೇಲಿನ ದವಡೆ ಹಲ್ಲುಗಳ ಬೇರು ಈ ಕೋಣೆಯ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಕೆಲವರಲ್ಲಿ ನಡುವೆ ಮೂಳೆಯೂ ಇರುವುದಿಲ್ಲ, ತೆಳ್ಳನೆ ಪೊರೆ ಅಷ್ಟೇ. ಹುಳುಕು ಬೇರಿಗಿಳಿದರೆ ಕೀವು ಮೇಲಕ್ಕೆ ನುಗ್ಗುತ್ತದೆ. ಹೊರಹೋಗಲು ದಾರಿ ಸಿಕ್ಕಿದ್ದರಿಂದ ಎಷ್ಟೋ ಸಲ ಹಲ್ಲು ನೋಯುವುದೇ ಇಲ್ಲ. ಗೊಂದಲ ಶುರುವಾಗುವುದು ಇಲ್ಲೇ. ಅಂಥ ಹಲ್ಲು ಕಿತ್ತಾಗ ಬಾಯಿಗೂ ಸೈನಸ್ಸಿಗೂ ನಡುವೆ ತೂತು ಬೀಳಬಹುದು. ಸೋದರತ್ತೆಯ ಮಜ್ಜಿಗೆ ಮೂಗಿಗೆ ಬಂದದ್ದು ಹಾಗೆ.

ವಿಷಯ ಹೊಸದೇನಲ್ಲ. 1651ರಲ್ಲಿ ಇಂಗ್ಲೆಂಡಿನ ನಥಾನಿಯಲ್ ಹೈಮೋರ್ ಈ ಕೋಣೆಯನ್ನು ವಿವರಿಸಿದ. ಅವನಿಗೆ ದಾರಿ ತೋರಿಸಿದ್ದು ಕೋರೆಹಲ್ಲು ಕೀಳಿಸಿಕೊಂಡ ಒಬ್ಬ ಹೆಂಗಸು. ಕೀವು ನಿಲ್ಲದೆ ಅವಳು ಆ ತೂತಿಗೆ ಹಕ್ಕಿಗರಿ ತೂರಿಸಿ, ಅದು ಮೇಲಕ್ಕೆ ಹೋಗುತ್ತಲೇ ಇದ್ದುದನ್ನು ಕಂಡು ಹೆದರಿದ್ದಳು. 1893ರಲ್ಲಿ ಕಾಲ್ಡ್‌ವೆಲ್, 1897ರಲ್ಲಿ ಲ್ಯೂಕ್, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉಪಾಯ ಹೇಳಿದರು: ಮೇಲಿನ ತುಟಿ ಎತ್ತಿ, ಮೂಳೆಗೆ ಕಿಟಕಿ ಕೊರೆದು, ಒಳಗಿನ ಪೊರೆ ಕೆರೆದು ತೆಗೆಯುವುದು. ಮುಂದಿನ ಮುಕ್ಕಾಲು ಶತಮಾನ ಅದೇ ನಡೆಯಿತು. ಆಮೇಲೆ ಎಂಡೋಸ್ಕೋಪ್ ಬಂತು, ಅಂದರೆ ಮೂಗಿನೊಳಗೆ ತೂರಿಸಿ ನೋಡುವ ತೆಳ್ಳನೆ ಕೊಳವೆ. 1980ರ ದಶಕದಲ್ಲಿ ಮೂಗಿನೊಳಗಿಂದಲೇ ಸೈನಸ್ಸಿನ ಸಹಜ ಬಾಯಿ ಅಗಲ ಮಾಡುವ ಪದ್ಧತಿ ಬೇರೂರಿತು. ಪೊರೆ ಉಳಿಯಿತು, ಕೆನ್ನೆ ಜೋಮು ಹಿಡಿಯುವುದು ಕಡಿಮೆಯಾಯಿತು.

ನಮ್ಮ ದೇಶದಲ್ಲಿ 1948ರ ಕಾಯ್ದೆ ದಂತವೈದ್ಯರಿಗೆ ಬೇರೆಯೇ ಪರಿಷತ್ತು ಕೊಟ್ಟಿತು. ವೃತ್ತಿಗೆ ಒಂದು ಗೌರವ ಸಿಕ್ಕಿತು, ಅದು ಬೇಕೂ ಆಗಿತ್ತು. ಆದರೆ ಪಾಠ, ಪರೀಕ್ಷೆ, ಸಂಶೋಧನೆ ಎಲ್ಲವೂ ಎರಡು ಪಾಲಾದವು. ದಾವಣಗೆರೆಯನ್ನೇ ನೋಡಿ. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ದಂತ ಕಾಲೇಜು. ಒಂದೇ ಊರಲ್ಲಿ ಎರಡೂ ವಿದ್ಯೆ ಇರುವುದು ನಮ್ಮ ಪುಣ್ಯ ಅಂತಲೇ ನಾನು ತಿಳಿದಿದ್ದೇನೆ. ಎಲ್ಲ ಊರಿಗೂ ಆ ಅನುಕೂಲ ಇಲ್ಲವಲ್ಲ.

ಈ ಎರಡು ಪಾಲು ಎದ್ದು ಕಾಣುವುದು ತೂತು ಮುಚ್ಚುವ ಸಂಶೋಧನೆಯಲ್ಲಿ. 1936ರಲ್ಲಿ ರೆಹರ್ಮನ್, ಕೆನ್ನೆ ಕಡೆಯ ಒಸಡನ್ನು ಬಿಡಿಸಿ ತೂತಿನ ಮೇಲೆ ಎಳೆದು ಹೊಲಿಯುವ ದಾರಿ ತೋರಿಸಿದರು. ಸುಲಭ, ಆದರೆ ಒಸಡಿಗೂ ಕೆನ್ನೆಗೂ ನಡುವಿನ ಆಳ ಕಡಿಮೆಯಾಗುತ್ತದೆ. ಮುಂದೆ ಹಲ್ಲುಸೆಟ್ಟು ಕೂರುವುದು ಕಷ್ಟ. 1977ರಲ್ಲಿ ಎಗ್ಯೆಡಿ ಕೆನ್ನೆಯೊಳಗಿನ ಕೊಬ್ಬನ್ನು ಬಳಸಿದರು. ಹಳದಿ ಬಣ್ಣದ ಆ ಮೆತ್ತನೆಯ ಉಂಡೆಯನ್ನು ಹರಿಯದ ಹಾಗೆ ನಿಧಾನಕ್ಕೆ ಹೊರಗೆಳೆದು ತೂತಿಗೆ ಹೊದಿಸಿ ಹೊಲಿಯುತ್ತಾರೆ. ಕೆಲವೇ ವಾರಗಳಲ್ಲಿ ಅದರ ಮೇಲೆ ಬಾಯಿಯ ಚರ್ಮ ತಾನಾಗಿ ಬೆಳೆಯುತ್ತದೆ. ಸೋದರತ್ತೆಗೆ ಕೊನೆಗೆ ಮಾಡಿದ್ದೂ ಇದನ್ನೇ.

ಇಂಥ ಅಧ್ಯಯನಗಳಲ್ಲಿ ಗೆಲುವು ಅಂದರೇನು? ಹಲ್ಲಿನವರು ತೂತು ಮುಚ್ಚಿತಾ ಎಂದು ನೋಡುತ್ತಾರೆ. ಮೂಗಿನವರು ಸೈನಸ್ ತಿಳಿಯಾಯಿತಾ ಎಂದು ನೋಡುತ್ತಾರೆ. ಮೂಗಿನ ಸಂಶೋಧನೆಯಲ್ಲಿ ಹೆಚ್ಚು ಬಳಸುವ ಸ್ನಾಟ್-22 ಎಂಬ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿವೆ. ಸೀನು, ಕೆಮ್ಮು, ನಿದ್ದೆ, ಬೇಸರ ಎಲ್ಲವನ್ನೂ ಕೇಳುತ್ತಾರೆ. ಮೂಗಿನೊಳಗೆ ಕೆಟ್ಟ ವಾಸನೆ ಇದೆಯಾ ಎಂಬ ಪ್ರಶ್ನೆಯೇ ಇಲ್ಲ. ಹಲ್ಲಿನಿಂದ ಬರುವ ಸೈನಸ್ ತೊಂದರೆಗೆ ಅದೇ ಅಲ್ವಾ ದೊಡ್ಡ ಸುಳಿವು? ಒಂದೇ ಕಡೆ ಸೋರುವುದು ಇನ್ನೊಂದು ಸುಳಿವು. ಸೈನಸ್ಸಿನ ಸೋಂಕಿನಲ್ಲಿ ಹಲ್ಲಿನ ಪಾಲು ಶೇ. 10–12 ಎಂದು ಹಳೆಯ ಪುಸ್ತಕಗಳು ಬರೆದವು. ಸಿ.ಟಿ. ಸ್ಕ್ಯಾನ್ ನೋಡುವುದು ಹೆಚ್ಚಾದ ಮೇಲೆ ಬಂದ ಅಂದಾಜುಗಳು ಅದಕ್ಕಿಂತ ತುಂಬಾ ಜಾಸ್ತಿ. ಹುಡುಕಿದರೆ ತಾನೆ ಸಿಗುವುದು.

2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಬಂತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ. ರೋಗ ಮೂಗು, ಸೈನಸ್, ಮೇಲ್ದವಡೆ, ಕಣ್ಣು ಎಂದು ಭೇದ ಮಾಡಲಿಲ್ಲ. ಮೂಗಿನವರು, ಬಾಯಿ ಶಸ್ತ್ರಚಿಕಿತ್ಸಕರು, ಕಣ್ಣಿನವರು ಒಂದೇ ಟೇಬಲ್ಲಿನ ಸುತ್ತ ನಿಂತರು. ಕೂಡಿ ಕೆಲಸ ಮಾಡಲು ಬರುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ವರ್ಷ ಹಲ್ಲಿನಿಂದ ಬರುವ ಸೈನಸ್ ಸೋಂಕನ್ನು ಗುರುತಿಸುವ ಬಗ್ಗೆ ಎರಡೂ ಕಡೆಯ ತಜ್ಞರು ಸೇರಿ ಒಂದು ಅಂತರರಾಷ್ಟ್ರೀಯ ಒಮ್ಮತಕ್ಕೆ ಬಂದರು. ಕೀವನ್ನು ಮೂಗಿನವರು ಎಂಡೋಸ್ಕೋಪ್‌ನಲ್ಲಿ ಕಂಡು ಹೇಳಬೇಕು, ಹಲ್ಲಿನ ರೋಗವನ್ನು ದಂತವೈದ್ಯರು ಖಚಿತ ಮಾಡಬೇಕು. ಉಳಿದ ಜಗಳ, ಮೊದಲು ಹಲ್ಲೋ ಸೈನಸ್ಸೋ ಎಂಬುದು. ಇದನ್ನು ಬಗೆಹರಿಸಲು ಒಂದೇ ಕೇಸ್ ಶೀಟಿನಲ್ಲಿ ಇಬ್ಬರೂ ಬರೆಯುವಂಥ ಅಧ್ಯಯನ ಬೇಕು. 2018ರ ಏಪ್ರಿಲ್‌ನಿಂದ ಇಂಥ ಅಧ್ಯಯನಗಳು, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ, ಸಿಟಿಆರ್‌ಐ ಎಂಬ ದೇಶದ ಚಿಕಿತ್ಸಾ ಪ್ರಯೋಗಗಳ ಪಟ್ಟಿಯಲ್ಲಿ ನೋಂದಣಿಗೆ ಬರಬೇಕು. ಏನನ್ನು ಅಳೆಯುತ್ತೇವೆ ಎಂದು ಅಲ್ಲಿ ಮೊದಲೇ ಬರೆಯಬೇಕು. ಆ ಜಾಗದಲ್ಲಿ ತೂತು, ಸೈನಸ್, ವಾಸನೆ ಮೂರನ್ನೂ ಬರೆಯಲು ಯಾವ ಅಡ್ಡಿಯೂ ಇಲ್ಲ.